ನಂಬಿಕೆ ಇಲ್ಲ, ಅವ್ವನಿಗೆ ನೋವೂ ಆಗಬಾರದು: ನೀವು ಹೇಗೆ ನಿಭಾಯಿಸಿದ್ದೀರಿ?

ಕೇಳಿದವರು, ಚನ್ನರಾಯಪಟ್ಟಣ ಕಡೆ:

ಅಪ್ಪ ಹೋಗಿ ವರ್ಷ ದಾಟಿತು. ಮುಂದಿನ ವಾರ ನಮ್ಮಲ್ಲಿ ಪಿತೃಪಕ್ಷದ ಹಬ್ಬ. ಅಪ್ಪನ ಫೋಟೋ ಮುಂದೆ ಎಡೆ ಇಟ್ಟು ಹಿರಿ ಮಗ ನಾನೇ ಧೂಪ ಹಾಕಬೇಕು ಅಂತ ಅವ್ವ ಕಾಯುತ್ತಿದ್ದಾಳೆ. ನಾನು ದೇವರನ್ನು ನಂಬುವುದಿಲ್ಲ. ಸತ್ತವರು ಬಂದು ಉಣ್ಣುತ್ತಾರೆ ಅನ್ನುವುದನ್ನೂ ನಂಬುವುದಿಲ್ಲ. ಧೂಪ ಹಾಕಿದರೆ ನಾಟಕ ಆಡಿದ ಹಾಗೆ. ಹಾಕದಿದ್ದರೆ ಅವ್ವ ಅತ್ತುಬಿಡುತ್ತಾಳೆ. ಇಂಥದ್ದನ್ನು ದಾಟಿ ಬಂದವರು ಹೇಳಿ.

ಮಂಡ್ಯ ಕಡೆಯ ಮೇಷ್ಟ್ರು:

ನಾನು ಮಾಡಿದ ತಪ್ಪನ್ನೇ ಮೊದಲು ಹೇಳುತ್ತೇನೆ. ನಮ್ಮಪ್ಪನ ಹನ್ನೊಂದನೇ ದಿನದ ತಿಥಿ. ನನಗಾಗ 24 ವರ್ಷ. ಬಾಳೆ ಎಲೆಯಲ್ಲಿ ಎಡೆ ಬಡಿಸಿ, ಹಿತ್ತಲಲ್ಲಿ ಇಟ್ಟು, ಎಲ್ಲರೂ ದೂರ ನಿಂತೆವು. ಕಾಗೆ ಬಂದು ಮುಟ್ಟಬೇಕು. ತೆಂಗಿನ ಗರಿ ಮೇಲೆ ಎರಡು ಕೂತಿದ್ದವು, ಕೆಳಗೆ ಇಳಿಯಲಿಲ್ಲ. ಸತ್ತವರಿಗೆ ಏನಾದರೂ ಆಸೆ ಉಳಿದಿದ್ದರೆ ಕಾಗೆ ಮುಟ್ಟುವುದಿಲ್ಲ ಅನ್ನುತ್ತಾರಲ್ವಾ, ಅದಕ್ಕೆ ಅವ್ವ ಸೆರಗು ಹಿಡಿದುಕೊಂಡು ಎರಡು ಹೆಜ್ಜೆ ಮುಂದೆ ಹೋದಳು. "ಮಗಳ ಮದುವೆ ನಾನು ನಿಂತು ಮಾಡ್ತೀನಿ, ಯೋಚ್ನೆ ಮಾಡ್ಬೇಡಿ" ಅಂದಳು.

ನಾನು ಬಾಯಿ ಹಾಕಿದೆ. "ಇಷ್ಟು ಜನ ನಿಂತಿದ್ರೆ ಯಾವ ಕಾಗೆ ಬರುತ್ತೆ? ಅಪ್ಪನಿಗೂ ಕಾಗೆಗೂ ಏನು ಸಂಬಂಧ?" ಅಂದೆ. ಅವ್ವ ತಿರುಗಿ ನನ್ನ ಮುಖ ನೋಡಿದಳು. ಆಮೇಲೆ ಮಾತಾಡಲಿಲ್ಲ.

ಎಷ್ಟೋ ವರ್ಷ ಆದಮೇಲೆ ಒಂದು ರಾತ್ರಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ಅವಳೇ ಆ ಮಾತು ತೆಗೆದಳು. "ನಿಮ್ಮಪ್ಪನ ಹತ್ರ ಇನ್ನೂ ನಾಕು ಮಾತು ಆಡೋದಿತ್ತು ಕಣಪ್ಪ. ನೀನು ಮಧ್ಯ ಬಂದ್ಬಿಟ್ಟೆ."

ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಇವತ್ತಿಗೂ ನನ್ನ ಅಭಿಪ್ರಾಯ ಅದೇ. ಆದರೆ ಆವತ್ತು ಆ ಹಿತ್ತಲಲ್ಲಿ ಯಾರೂ ನನ್ನ ಅಭಿಪ್ರಾಯ ಕೇಳಿರಲಿಲ್ಲ. ಅವ್ವನಿಗೆ ನಿಜವಾಗಿ ನಂಬಿಕೆ ಇರಲಿಲ್ಲ, ದುಃಖಕ್ಕೆ ಸುಮ್ನೆ ಹಾಗೆ ಮಾಡಿದಳು ಅಂತಲೂ ತಿಳಿಯಬೇಡಿ. ಅವಳು ಪೂರ್ತಿ ನಂಬಿದ್ದಳು.

ನಿಮ್ಮ ವಿಷಯಕ್ಕೆ ಬರುತ್ತೇನೆ. ಹಬ್ಬದ ದಿನ ಹೇಳಬೇಡಿ. ಫೋನಿನಲ್ಲೂ ಬೇಡ. ಒಂದೆರಡು ದಿನ ಮುಂಚೆ ಊರಿಗೆ ಹೋಗಿ, ಎದುರು ಕೂತು, "ನಂಗೆ ಇದರಲ್ಲಿ ನಂಬಿಕೆ ಇಲ್ಲ, ಆದ್ರೆ ಕೆಲಸ ಎಲ್ಲಾ ನಾನು ಮಾಡ್ತೀನಿ" ಅಂತ ಹೇಳಿ. ನಮ್ಮ ಮನೆಯಲ್ಲಿ ಧೂಪ ಹಾಕುವುದು ತಮ್ಮ. ಸಂತೆಗೆ ಹೋಗುವುದು, ಮಸಾಲೆ ರುಬ್ಬುವುದು, ಬಡಿಸುವುದು ನಾನು. ಎಡೆ ಇಟ್ಟು ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಆಚೆ ನಿಲ್ಲುವಾಗ ನಾನೂ ಅವರ ಜೊತೆ ನಿಲ್ಲುತ್ತೇನೆ. ಕೈ ಮುಗಿಯುವುದಿಲ್ಲ. ಯಾರೂ ಏನೂ ಅನ್ನುವುದಿಲ್ಲ.

ಇನ್ನೊಂದು ಮಾತು. 2006ರಲ್ಲಿ ರಾಜ್‌ಕುಮಾರ್ ಅವರ ಕಣ್ಣು ದಾನ ಮಾಡಿದ ಸುದ್ದಿ ಕೇಳಿ ಅವ್ವ "ಅಣ್ಣಾವ್ರೇ ಕೊಟ್ಟವ್ರೆ, ನಂದೂ ಕೊಡಿ" ಅಂದಿದ್ದಳು. ಅವಳು ಹೋದ ದಿನ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು. "ಮುಂದಿನ ಜನ್ಮಕ್ಕೆ ಕುರುಡಿ ಆಗ್ತಾಳೆ" ಅಂತ ದೊಡ್ಡಪ್ಪ ಅಡ್ಡ ನಿಂತರು. ನಾನು ಜನ್ಮದ ವಾದಕ್ಕೇ ಹೋಗಲಿಲ್ಲ. "ಇದು ಅವ್ವನ ಆಸೆ ದೊಡ್ಡಪ್ಪ, ಉಳಿಸ್ಕೊಳ್ಳೋದು ಬೇಡ" ಅಂದೆ. ಪಕ್ಕಕ್ಕೆ ಸರಿದರು. ತಿಥಿ ದಿನ ತಮ್ಮ ಎಡೆ ಇಟ್ಟ. ಕಾಗೆ ಬರುವವರೆಗೂ ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ.

ಕಲಬುರಗಿಯವರು:

ನಾನು ಮುಸ್ಲಿಂ ಮನೆಯಲ್ಲಿ ಹುಟ್ಟಿದವನು. ರೋಜಾ ಬಿಟ್ಟು 9 ವರ್ಷ ಆಯಿತು. ಅಮ್ಮಿಗೆ ಹೇಳಿಯೇ ಬಿಟ್ಟಿದ್ದು. ಮೊದಲ ವರ್ಷ ಸರಿಯಾಗಿ ಮಾತೇ ಆಡಲಿಲ್ಲ. ಈಗ ರಂಜಾನಿಗೆ ಊರಿಗೆ ಹೋದರೆ ಸಹರಿ ಹೊತ್ತಿಗೆ ಎಲ್ಲರನ್ನೂ ಎಬ್ಬಿಸಿ ಚಹಾ ಮಾಡುವುದು ನನ್ನ ಕೆಲಸ. ಹಗಲು ಹೊರಗೆ ಹೋಗಿ ಊಟ ಮಾಡುತ್ತೇನೆ. ಕದ್ದು ಅಲ್ಲ, ಅಮ್ಮಿಗೆ ಗೊತ್ತು.

ಒಂದು ಬೇಜಾರು ಹೇಳಿಕೊಳ್ಳುತ್ತೇನೆ. ತಮ್ಮ ಮನೆಯ ಪೂಜೆ ಬಗ್ಗೆ ಮೆತ್ತಗೆ ಮಾತಾಡಿ, ನಮ್ಮ ಮನೆಯ ನಮಾಜನ್ನು ಮಾತ್ರ ಜೋರಾಗಿ ಹಳಿಯುವ ನಾಸ್ತಿಕ ಗೆಳೆಯರು ನನಗೆ ಸಿಕ್ಕಿದ್ದಾರೆ. ಅದನ್ನು ನಾನು ನಾಸ್ತಿಕತೆ ಅಂತ ಒಪ್ಪುವುದಿಲ್ಲ.

ದಾವಣಗೆರೆಯವರು:

ಸುಮ್ಮನಿರಬಾರದ ಜಾಗವೂ ಇದೆ. ನನ್ನ ಅಕ್ಕನ ಮಗನಿಗೆ ಫಿಟ್ಸ್ ಬರುತ್ತಿತ್ತು. ಬಂದಾಗಲೆಲ್ಲ ಕೈಗೆ ಬೀಗದ ಕೈ ಕೊಡುತ್ತಿದ್ದರು. ಮಂತ್ರ ಹಾಕುವವನ ಹತ್ತಿರ ಎಂಟು ತಿಂಗಳು ಓಡಾಡಿದರು. ಆಗ ನಾನು ಮನೆಯಲ್ಲಿ ಜಗಳವನ್ನೇ ಆಡಿದೆ, ಮಗುವನ್ನು ಎತ್ತಿಕೊಂಡು ಡಾಕ್ಟರ ಹತ್ತಿರ ಹೋದೆ. ಅದಕ್ಕೆ ನನಗೆ ಯಾವ ಪಶ್ಚಾತ್ತಾಪವೂ ಇಲ್ಲ. ಅಕ್ಕ ಈಗಲೂ ಅವನ ತೋಳಿಗೆ ತಾಯತ ಕಟ್ಟುತ್ತಾಳೆ. ಕಟ್ಟಲಿ. ಮಾತ್ರೆ ತಪ್ಪಬಾರದು, ಅಷ್ಟೇ.

ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷೆ ಮಾಡಲು ಒಂದು ಸಮಿತಿ ಮಾಡಿದರು. ಅವರು ಸವಾಲು ಹಾಕಿದ್ದು ಪವಾಡ ಮಾಡುತ್ತೇವೆ ಅಂದವರಿಗೆ. ಮನೆಯಲ್ಲಿ ದೀಪ ಹಚ್ಚುವ ಅಮ್ಮನಿಗೆ ಅಲ್ಲ. ನಮ್ಮ ರಾಜ್ಯದ ಮೌಢ್ಯ ನಿಷೇಧ ಕಾನೂನು ಕೂಡ ಹಾಗೇ ಇದೆ. 2017ರಲ್ಲಿ ಆಯಿತು, 2020ರಲ್ಲಿ ಜಾರಿಗೆ ಬಂತು. ಎಂಜಲೆಲೆ ಮೇಲೆ ಉರುಳುವ ಮಡೆಸ್ನಾನ ಅದರ ಪ್ರಕಾರ ಅಪರಾಧ. ಪ್ರದಕ್ಷಿಣೆ, ಯಾತ್ರೆ, ಮನೆಯ ಪೂಜೆಗೆ ಅದು ಕೈ ಹಾಕುವುದಿಲ್ಲ. ನಾನೂ ಅಲ್ಲೇ ಗೆರೆ ಎಳೆದುಕೊಂಡಿದ್ದೇನೆ.

ಪುತ್ತೂರಿನ ಅಮ್ಮ ಒಬ್ಬರು:

ನಾನು ದೇವರನ್ನು ನಂಬುವವಳು. ನನ್ನ ಮಗಳು ನಂಬುವುದಿಲ್ಲ. ಹೇಳಿದ ದಿನ ನನಗೆ ಎದೆ ಒಡೆದ ಹಾಗೆ ಆಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅವಳು ಮುಚ್ಚಿಟ್ಟು ನನ್ನೆದುರು ಕೈ ಮುಗಿಯುತ್ತಿದ್ದಳು ಅಂತ ಆಮೇಲೆ ಗೊತ್ತಾಗಿದ್ದರೆ ಇನ್ನೂ ಜಾಸ್ತಿ ನೋವಾಗುತ್ತಿತ್ತು. ಮೊಣಕಾಲು ನೋವಿನಿಂದ ನನಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ. ಅವಳೇ ಕೈ ಹಿಡಿದು ದೇವಸ್ಥಾನದ ಬಾಗಿಲವರೆಗೆ ಬಿಡುತ್ತಾಳೆ. ನಾನು ಹೊರಗೆ ಬರುವಾಗ ನನ್ನ ಚಪ್ಪಲಿ ಕಾಲ ಹತ್ತಿರ ತಂದು ಇಡುತ್ತಾಳೆ. ಅವಳಿಗಾಗಿ ನಾನು ಪ್ರಾರ್ಥನೆ ಮಾಡುತ್ತೇನೆ ಅಂತ ಅವಳಿಗೆ ಗೊತ್ತು. ಬೇಡ ಅಂತ ಒಮ್ಮೆಯೂ ಹೇಳಿಲ್ಲ. ನಿಮ್ಮ ಅಮ್ಮನಿಗೂ ಹೇಳಿ ಮಗಾ. ಅಳಲಿ. ಅತ್ತ ಮೇಲೂ ನೀವು ಅಲ್ಲೇ ಕೂತಿರಿ.

ಕೇಳಿದವರು, ಮೂರು ದಿನ ಬಿಟ್ಟು:

ಎಲ್ಲರಿಗೂ ನಮಸ್ಕಾರ. ನಿನ್ನೆ ರಜೆ ಹಾಕಿ ಊರಿಗೆ ಬಂದೆ. ಹೇಳಿದೆ. ಅವ್ವ ಅತ್ತಳು. ನಾನು ಎದ್ದು ಹೋಗಲಿಲ್ಲ. ಸುಮಾರು ಹೊತ್ತಾದ ಮೇಲೆ "ಧೂಪ ನಿಮ್ಮ ಚಿಕ್ಕಪ್ಪ ಹಾಕ್ಲಿ ಬಿಡು. ಸಾರು ನೀನೇ ಮಾಡು. ನಿಮ್ಮಪ್ಪನಿಗೆ ಖಾರ ಮುಂದಿರ್ಬೇಕು, ಗೊತ್ತಲ್ಲ" ಅಂದಳು. ಬೆಳಿಗ್ಗೆ ಮೆಣಸಿನಕಾಯಿ ತರಲು ಇಬ್ಬರೂ ಸಂತೆಗೆ ಹೋಗುತ್ತಿದ್ದೇವೆ.