ವಿದೇಶದಲ್ಲಿರುವ ಮಿಷನರಿ ಅಣ್ಣನಿಗೆ ಅವಧಿಗೆ ಮೊದಲೇ ವರ್ಗಾವಣೆ: ಇದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು?

ಪ್ರಶ್ನೆ ಕೇಳಿದವರು: ಗುರುಗಳ ತಂಗಿ

ನನ್ನ ಅಣ್ಣ ಒಂದು ಕ್ಯಾಥೊಲಿಕ್ ಧಾರ್ಮಿಕ ಸಭೆಗೆ ಸೇರಿದ ಗುರುಗಳು. ಕೆಲವು ವರ್ಷಗಳಿಂದ ತಾಂಜಾನಿಯಾ ದೇಶದ ಅರುಷಾ ನಗರದ ಹೊರವಲಯದಲ್ಲಿರುವ ಒಂದು ಧರ್ಮಕೇಂದ್ರದ (ಪ್ಯಾರಿಷ್) ಹೊಣೆ ಅವರ ಮೇಲಿತ್ತು. ಇನ್ನೂ ಒಂದೆರಡು ವರ್ಷವಾದರೂ ಅಲ್ಲೇ ಇರುತ್ತಾರೆಂದು ನಾವೆಲ್ಲ ತಿಳಿದಿದ್ದೆವು; ಅವರೂ ಹಾಗೆಯೇ ತಿಳಿದಿದ್ದರು. ಆದರೆ ಕಳೆದ ವಾರ ಸಭೆಯ ಮೇಲಧಿಕಾರಿಗಳು ಕರೆ ಮಾಡಿ, ಒಂದು ತಿಂಗಳೊಳಗೆ ದೇಶದ ಪಶ್ಚಿಮದಂಚಿನ ಕಿಗೋಮಾ ಪ್ರದೇಶಕ್ಕೆ ಹೋಗಿ ಅಲ್ಲಿನ ಹಳ್ಳಿಗಾಡಿನ ಧರ್ಮಕೇಂದ್ರವೊಂದನ್ನು ವಹಿಸಿಕೊಳ್ಳಬೇಕೆಂದು ತಿಳಿಸಿದರಂತೆ. ಕಾರಣವೇನೆಂದು ಅವರು ಹೇಳಲಿಲ್ಲ, ಅಣ್ಣನೂ ಕೇಳಲಿಲ್ಲ.

ಅರುಷಾದಲ್ಲಿ ದೃಢೀಕರಣ ಸಂಸ್ಕಾರಕ್ಕೆ ಸಿದ್ಧರಾಗುತ್ತಿರುವ ಮಕ್ಕಳ ತರಗತಿ ಅರ್ಧಕ್ಕೆ ನಿಂತಿದೆ. ಶಿಶುವಿಹಾರದ ಕಟ್ಟಡದ ಗೋಡೆ ಎದ್ದಿದೆ, ಮಾಡು ಬಂದಿಲ್ಲ. ಅದಕ್ಕೆ ನಮ್ಮ ಬಂಧುಗಳೂ ಅಷ್ಟಿಷ್ಟು ಹಣ ಕಳುಹಿಸಿದ್ದರು. ಈಗ ಅವರಲ್ಲಿ ಕೆಲವರು, "ಏನೋ ಆಗಿರಬೇಕು, ಇಲ್ಲದಿದ್ದರೆ ಹೀಗೆ ಏಕಾಏಕಿ ಎತ್ತಿಹಾಕುತ್ತಾರೆಯೇ?" ಎಂದು ಅಮ್ಮನ ಎದುರಿಗೇ ಆಡಿದ್ದಾರೆ. ಅಮ್ಮ ಅಂದಿನಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ಅಣ್ಣನನ್ನು ಕೇಳಿದರೆ, ವಿಧೇಯತೆಯ ವ್ರತ ತೊಟ್ಟವನು ತಾನು ಎಂಬ ಒಂದೇ ಮಾತು.

ಇಂಥ ವರ್ಗಾವಣೆಯನ್ನು ಶಿಕ್ಷೆಯೆಂದು ತಿಳಿಯಬೇಕೇ? ಅವಧಿ ಮುಗಿಯುವವರೆಗೆ ಬಿಡಿ ಎಂದು ಕುಟುಂಬದವರು ಮೇಲಧಿಕಾರಿಗಳಿಗಾಗಲಿ ಅಲ್ಲಿನ ಧರ್ಮಾಧ್ಯಕ್ಷರಿಗಾಗಲಿ (ಬಿಷಪ್) ಪತ್ರ ಬರೆಯಬಹುದೇ? ಕಿಗೋಮಾ ಕಡೆಯ ಬದುಕು ಹೇಗಿರುತ್ತದೆಂದು ತಿಳಿದವರು ಇದ್ದರೆ ದಯವಿಟ್ಟು ಬರೆಯಿರಿ.

ಉತ್ತರ: ನಿಯಮಸಂಹಿತೆಯ ವಿದ್ಯಾರ್ಥಿ

ಮೊದಲು ಶಿಕ್ಷೆಯ ಮಾತು. ಇಡೀ ಕ್ಯಾಥೊಲಿಕ್ ಚರ್ಚಿಗೆ ಅನ್ವಯಿಸುವ 1983ರ ಕಾನೂನು ಸಂಹಿತೆಯಲ್ಲಿ ಶಿಕ್ಷೆಯಾಗಿ ಹುದ್ದೆಯಿಂದ ತೆಗೆಯುವುದು ಬೇರೆ, ಸಭೆಯ ಸದಸ್ಯನನ್ನು ಒಂದು ಸೇವೆಯಿಂದ ಇನ್ನೊಂದಕ್ಕೆ ಕಳುಹಿಸುವುದು ಬೇರೆ. ಮೊದಲನೆಯದಕ್ಕೆ ಅದರದೇ ವಿಧಿವಿಧಾನವಿದೆ. ಫೋನಿನಲ್ಲಿ ನಡೆಯುವ ಕೆಲಸ ಅದಲ್ಲ. ತಪ್ಪಿತಸ್ಥನೆಂದು ತೀರ್ಮಾನವಾದವನಿಗೆ ಮರುದಿನವೇ ಇನ್ನೊಂದು ಧರ್ಮಕೇಂದ್ರದ ಪೂರ್ಣ ಹೊಣೆ ಕೊಡುವುದೂ ಸಹಜವಲ್ಲ. ನಿಮ್ಮ ಬಂಧುಗಳಿಗೆ ಇದೊಂದು ಅಂಶ ಸಾಕು.

ನಮ್ಮ ಜನರಿಗೆ ಗೊಂದಲವಾಗುವುದು ಧರ್ಮಪ್ರಾಂತ್ಯದ (ಒಬ್ಬ ಧರ್ಮಾಧ್ಯಕ್ಷರ ಆಡಳಿತಕ್ಕೆ ಒಳಪಟ್ಟ ಪ್ರದೇಶದ) ಗುರುಗಳಿಗೂ ಧಾರ್ಮಿಕ ಸಭೆಗಳ ಗುರುಗಳಿಗೂ ಇರುವ ವ್ಯತ್ಯಾಸ ತಿಳಿಯದೆ. ಧರ್ಮಪ್ರಾಂತ್ಯಕ್ಕೇ ಸೇರಿದ ಧರ್ಮಕೇಂದ್ರದ ಗುರುವಿಗೆ ನಿಯಮ 522 ಸ್ಥಿರತೆಯ ಭರವಸೆ ಕೊಡುತ್ತದೆ. ಆತನನ್ನು ಬೇರೆಡೆಗೆ ಕಳುಹಿಸಬೇಕೆಂದರೆ ಧರ್ಮಾಧ್ಯಕ್ಷರು ಲಿಖಿತವಾಗಿ ಪ್ರಸ್ತಾಪ ಮುಂದಿಡಬೇಕು, ಆತ ಒಪ್ಪದಿದ್ದರೆ ಕಾರಣಗಳನ್ನು ಲಿಖಿತವಾಗಿ ಕೊಡಬಹುದು. ಆದರೆ ಸಭೆಯ ಗುರುವಿನ ವಿಷಯದಲ್ಲಿ ನಿಯಮ 682 ಅನ್ವಯಿಸುತ್ತದೆ. ಸಭೆಯ ಮೇಲಧಿಕಾರಿ ಹೆಸರು ಸೂಚಿಸುತ್ತಾರೆ ಅಥವಾ ಒಪ್ಪಿಗೆ ಕೊಡುತ್ತಾರೆ, ಧರ್ಮಾಧ್ಯಕ್ಷರು ನೇಮಿಸುತ್ತಾರೆ. ತೆಗೆಯುವಾಗ ಮಾತ್ರ ಇಬ್ಬರಲ್ಲಿ ಯಾರಾದರೊಬ್ಬರು ಇನ್ನೊಬ್ಬರಿಗೆ ತಿಳಿಸಿದರೆ ಸಾಕು, ಒಪ್ಪಿಗೆ ಬೇಕಿಲ್ಲ. ಹೀಗಾಗಿ "ಅವಧಿ" ಎಂದು ನಾವು ಹೇಳುವುದು ವಾಡಿಕೆಯೇ ಹೊರತು ಹಕ್ಕಲ್ಲ.

ಕಾರಣ ಹೇಳದಿರುವುದು ನನಗೂ ಹಿಡಿಸುವುದಿಲ್ಲ. ಆದರೆ ಕಾರಣ ಬಹಳ ಸಲ ನಿಮ್ಮ ಅಣ್ಣನವರಿಗೆ ಸಂಬಂಧಿಸಿದ್ದೇ ಆಗಿರುವುದಿಲ್ಲ: ಕಿಗೋಮಾದಲ್ಲಿದ್ದ ಗುರುಗಳು ಕಾಯಿಲೆ ಬಿದ್ದಿರಬಹುದು, ಅವರ ವಾಸದ ಪರವಾನಗಿ ನವೀಕರಣವಾಗದೆ ಇರಬಹುದು, ಅವರು ಸಭೆಯನ್ನೇ ಬಿಟ್ಟಿರಬಹುದು. ಇವೆಲ್ಲ ಇನ್ನೊಬ್ಬರ ಮಾನದ ಪ್ರಶ್ನೆಗಳಾದ್ದರಿಂದ ಮೇಲಧಿಕಾರಿಗಳು ಬಾಯಿ ಬಿಡುವುದಿಲ್ಲ.

ಇನ್ನು ಪತ್ರ. ಬರೆಯುವುದನ್ನು ಯಾವ ಕಾನೂನೂ ತಡೆಯುವುದಿಲ್ಲವಾದರೂ, ಕುಟುಂಬದ ಪತ್ರ ತಲುಪಿದ ಕ್ಷಣವೇ "ಇದನ್ನು ಬರೆಸಿದವರು ಯಾರು?" ಎಂಬ ಸಂಶಯ ಹುಟ್ಟುತ್ತದೆ, ಅದರ ಭಾರ ಬೀಳುವುದು ನಿಮ್ಮ ಅಣ್ಣನವರ ಮೇಲೆ. ಹೇಳಬೇಕಾದದ್ದನ್ನು ಅವರೇ ಹೇಳಲು ದಾರಿಯಿದೆ. ನಿಯಮ 618ರ ಪ್ರಕಾರ ಮೇಲಧಿಕಾರಿಗಳು ಸದಸ್ಯರ ಮಾತನ್ನು ಮನಸ್ಸಿಟ್ಟು ಕೇಳಬೇಕು. ಕೊನೆಯ ತೀರ್ಮಾನ ಅವರದೇ. ಆರೋಗ್ಯದ ತೊಂದರೆಯಿದ್ದರೆ, ಅಥವಾ ಕಟ್ಟಡದ ಕೆಲಸ ಮುಗಿಸಲು ನಾಲ್ಕಾರು ವಾರ ಹೆಚ್ಚು ಬೇಕೆಂದಿದ್ದರೆ, ಅದನ್ನು ಕೇಳುವುದು ವಿಧೇಯತೆಗೆ ವಿರುದ್ಧವಲ್ಲ. ಮೌನವೇ ವಿಧೇಯತೆಯೆಂದು ತಿಳಿದ ಅನೇಕ ಗುರುಗಳನ್ನು ನಾನು ಕಂಡಿದ್ದೇನೆ.

ಉತ್ತರ: ಇತಿಹಾಸದ ಓದುಗ

ಮಿಷನರಿಗಳ ಚರಿತ್ರೆಯಲ್ಲಿ ಯೋಜನೆಯಂತೆ ನಡೆದ ನೇಮಕಗಳಿಗಿಂತ ಯೋಜನೆ ತಪ್ಪಿದ ನೇಮಕಗಳೇ ಹೆಚ್ಚು ನೆನಪಿನಲ್ಲಿ ಉಳಿದಿವೆ. ಗೋವೆಗೆ ಬಂದ ಫ್ರಾನ್ಸಿಸ್ ಝೇವಿಯರ್ ಅವರ ಹೆಸರು ಮೊದಲ ಪಟ್ಟಿಯಲ್ಲಿ ಇರಲೇ ಇಲ್ಲ. ಪೋರ್ಚುಗಲ್ಲಿನ ದೊರೆಯ ಕೋರಿಕೆಯ ಮೇರೆಗೆ ಯೇಸುಸಭೆಯ ಸ್ಥಾಪಕ ಇಗ್ನೇಷಿಯಸ್ ಲೊಯೋಲಾ ಅವರು ಆರಿಸಿದ್ದವರಲ್ಲಿ ಒಬ್ಬರು ಬೊಬದಿಲ್ಲಾ. ಹೊರಡುವ ಹೊತ್ತಿಗೆ ಅವರು ಜ್ವರದಿಂದ ಹಾಸಿಗೆ ಹಿಡಿದರು. ಜೊತೆಯಲ್ಲಿ ಹೊರಡಬೇಕಿದ್ದ ಪೋರ್ಚುಗಲ್ಲಿನ ರಾಯಭಾರಿಯ ಪ್ರಯಾಣವನ್ನು ಮುಂದೂಡುವಂತಿರಲಿಲ್ಲ. ರೋಮಿನಲ್ಲಿ ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದ ಝೇವಿಯರ್, 1540ರ ಮಾರ್ಚಿನಲ್ಲಿ ಬಹುತೇಕ ಉಟ್ಟ ಬಟ್ಟೆಯಲ್ಲೇ ಹೊರಟರು. ಅವರ ಯೇಸುಸಭೆಗೆ ಪೋಪರ ವಿಧಿವತ್ತಾದ ಮನ್ನಣೆ ಸಿಕ್ಕಿದ್ದೇ ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಗೋವೆ ತಲುಪಿದ್ದು 1542ರ ಮೇ ತಿಂಗಳಿನಲ್ಲಿ. ಅಲ್ಲಿಗೂ ನಿಲ್ಲದೆ ಮಲಕ್ಕಾ, ಮೊಲುಕ್ಕಾ ದ್ವೀಪಗಳು, 1549ರಲ್ಲಿ ಜಪಾನು.

ಬೆಲ್ಜಿಯಂನ ಮಿಷನರಿ ಡೇಮಿಯನ್ ಅವರದೂ ಅದೇ ಬಗೆ. ಹವಾಯಿಗೆ ಹೋಗಬೇಕಿದ್ದವರು ಅವರ ಅಣ್ಣ. ಅಣ್ಣನಿಗೆ ಟೈಫಸ್ ಜ್ವರ ಬಂದಾಗ, ಇನ್ನೂ ಗುರುದೀಕ್ಷೆಯನ್ನೇ ಪಡೆಯದ ತಮ್ಮ ತಾನು ಹೋಗುತ್ತೇನೆಂದು ಕೇಳಿಕೊಂಡು 1864ರಲ್ಲಿ ಹೊನೊಲುಲು ತಲುಪಿದರು. 1873ರಲ್ಲಿ ಮೊಲೊಕಾಯಿ ದ್ವೀಪದ ಕುಷ್ಠರೋಗಿಗಳ ನೆಲೆಗೆ ಸರದಿಯ ಮೇಲೆ ಕೆಲವು ಗುರುಗಳನ್ನು ಕಳುಹಿಸುವ ಏರ್ಪಾಡಾಯಿತು. ಮೊದಲ ಸರದಿ ಅವರದು. 1889ರಲ್ಲಿ ತೀರಿಕೊಳ್ಳುವವರೆಗೂ ಆ ಸರದಿ ಮುಗಿಯಲಿಲ್ಲ.

ಕಿಗೋಮಾದ ಮಾತು ಬಂದದ್ದರಿಂದ ಇದನ್ನೂ ಸೇರಿಸುತ್ತೇನೆ. ಆ ಪಟ್ಟಣಕ್ಕೆ ಹೊಂದಿಕೊಂಡ ಉಜಿಜಿಯಲ್ಲಿಯೇ 1871ರಲ್ಲಿ ಪತ್ರಕರ್ತ ಸ್ಟಾನ್ಲಿ ಬಂದು ಮಿಷನರಿ ಡೇವಿಡ್ ಲಿವಿಂಗ್‌ಸ್ಟನ್ ಅವರನ್ನು ಕಂಡದ್ದು. ಲಿವಿಂಗ್‌ಸ್ಟನ್ ಪ್ರೊಟೆಸ್ಟೆಂಟರು, ಅವರಿಗೆ ಹೋಗಬೇಕೆಂದಿದ್ದದ್ದು ಚೀನಾಕ್ಕೆ. ಅಫೀಮು ಯುದ್ಧ ಆ ದಾರಿಯನ್ನು ಮುಚ್ಚಿದ ಕಾರಣ ಆಫ್ರಿಕಾ ಅವರ ಪಾಲಿಗೆ ಬಂತು. ವೈಟ್ ಫಾದರ್ಸ್ ಎಂಬ ಕ್ಯಾಥೊಲಿಕ್ ಮಿಷನರಿ ಸಭೆಯ ಗುರುಗಳು ಉಜಿಜಿಗೆ ಬಂದದ್ದು 1879ರಲ್ಲಿ. ಎಂದರೆ ನಿಮ್ಮ ಅಣ್ಣನವರು ಹೋಗುತ್ತಿರುವುದು ಯಾರಿಗೂ ಬೇಡದ ಮೂಲೆಗೆಂದು ಯಾರಾದರೂ ಅಂದರೆ, ಆ ಮಾತಿಗೆ ಚರಿತ್ರೆಯ ಆಧಾರವಿಲ್ಲ.

ಉತ್ತರ: ಹಿಂದಿನ ಸಾಲಿನ ಬೆಂಚು

ಮೇಲಿನ ಉತ್ತರವನ್ನು ಗೌರವದಿಂದಲೇ ಓದಿದೆ, ಆದರೂ ಒಂದು ಮಾತು ಹೇಳದಿರಲಾರೆ. ಝೇವಿಯರ್, ಡೇಮಿಯನ್ ಇವರ ಕಥೆಗಳನ್ನು ಹೋದವರ ಕಡೆಯಿಂದಲೇ ಹೇಳಲಾಗುತ್ತದೆ. ಬಿಟ್ಟುಹೋದ ಜಾಗದವರ ಕಡೆಯಿಂದ ಯಾರೂ ಹೇಳುವುದಿಲ್ಲ. ನಾನು ಅಂಥ ಜಾಗದಲ್ಲಿ ಕುಳಿತವನು. ನಮ್ಮ ಧರ್ಮಕೇಂದ್ರಕ್ಕೆ ಬಂದಿದ್ದ ವಿದೇಶೀ ಗುರುಗಳೊಬ್ಬರು ಭಾಷೆ ಕಲಿತು, ಮನೆಮನೆಯ ಜಗಳವೂ ಸಾಲವೂ ಅರ್ಥವಾಗುವಷ್ಟು ಹಳಬರಾದ ಹೊತ್ತಿಗೆ ಅವರನ್ನು ಎತ್ತಿಕೊಂಡುಹೋದರು. ಹೊಸಬರು ಬಂದರು, ಒಳ್ಳೆಯವರೇ. ಆದರೆ ಯುವಕರ ಗುಂಪು ಮತ್ತೆ ಒಂದಾಗಲಿಲ್ಲ. ಪಾಪನಿವೇದನೆಗೆ ಹೋಗುತ್ತಿದ್ದ ಕೆಲವು ಹಿರಿಯರು ಹೋಗುವುದನ್ನೇ ಬಿಟ್ಟರು.

ಗುರುಗಳು ಒಂದೇ ಕಡೆ ಬೇರೂರಿದರೆ ಧರ್ಮಕೇಂದ್ರ ಅವರ ಸ್ವಂತ ಆಸ್ತಿಯಂತಾಗುತ್ತದೆ, ಜನ ವ್ಯಕ್ತಿಗೆ ಅಂಟಿಕೊಳ್ಳುತ್ತಾರೆ ಎಂಬ ವಾದ ನನಗೆ ಗೊತ್ತು. ಅದರಲ್ಲಿ ಹುರುಳಿಲ್ಲವೆಂದು ಹೇಳಲಾರೆ. ಆದರೆ ಒಂದು ತಿಂಗಳ ಗಡುವಿಗೆ ಆ ವಾದ ಸಮರ್ಥನೆಯಾಗುವುದಿಲ್ಲ. ಹೊಸ ಗುರುಗಳು ಬಂದು, ಹಳಬರ ಜೊತೆ ಕೆಲವು ವಾರ ಒಟ್ಟಿಗಿದ್ದು, ಜನರ ಮುಖ ಪರಿಚಯ ಮಾಡಿಕೊಂಡ ಮೇಲೆ ವರ್ಗಾವಣೆಯಾದರೆ ಯಾರ ಗಂಟೂ ಹೋಗುವುದಿಲ್ಲ. ಆದ್ದರಿಂದ ಅಣ್ಣನವರು ಏನನ್ನಾದರೂ ಕೇಳುವುದಿದ್ದರೆ, ತಮಗಾಗಿ ಅಲ್ಲ, ಅರುಷಾದ ಜನರಿಗಾಗಿ ಆ ಕೆಲವು ವಾರಗಳನ್ನು ಕೇಳಲಿ.

ಉತ್ತರ: ದವಾಖಾನೆಯ ಸಿಸ್ಟರ್

ನಾನು ಧರ್ಮಭಗಿನಿ, ವೃತ್ತಿಯಿಂದ ದಾದಿ. ಕಿಗೋಮಾ ಪ್ರದೇಶದ ಕಸುಲು ಜಿಲ್ಲೆಯ ಒಂದು ದವಾಖಾನೆಯಲ್ಲಿ ಹಲವು ವರ್ಷ ಕೆಲಸ ಮಾಡಿದ್ದೇನೆ. ಕಾನೂನು, ಚರಿತ್ರೆ ಎರಡನ್ನೂ ಇತರರು ಹೇಳಿದ್ದಾರೆ. ನಾನು ಅಲ್ಲಿನ ದಿನಗಳ ಬಗ್ಗೆ ಬರೆಯುತ್ತೇನೆ.

ಎಲ್ಲಕ್ಕಿಂತ ಮೊದಲು ಮಲೇರಿಯಾ. ಅರುಷಾ ಸಮುದ್ರಮಟ್ಟದಿಂದ ಸುಮಾರು 1,400 ಮೀಟರ್ ಎತ್ತರದ ತಂಪು ಊರು. ಅಲ್ಲಿ ಮಲೇರಿಯಾ ತೀರ ಕಡಿಮೆ. ಕಿಗೋಮಾ ಆ ದೇಶದಲ್ಲಿ ಮಲೇರಿಯಾ ಅತಿ ಹೆಚ್ಚಿರುವ ಪ್ರದೇಶಗಳಲ್ಲಿ ಒಂದು. "ನಾನು ಆಫ್ರಿಕಾದಲ್ಲಿ ಇಷ್ಟು ವರ್ಷ ಇದ್ದವನು, ನನಗೇನಾಗುತ್ತದೆ?" ಎನ್ನುವ ಧೈರ್ಯ ಅರುಷಾದಿಂದ ಬಂದವರಿಗೆ ಸಲ್ಲದು, ಅವರ ಮೈಗೆ ಆ ರೋಗದ ಅಭ್ಯಾಸ ಇರುವುದಿಲ್ಲ. ಮೊದಲ ರಾತ್ರಿಯಿಂದಲೇ ಔಷಧಿ ಸವರಿದ ಸೊಳ್ಳೆಪರದೆ ಬೇಕು. ಜ್ವರ ಬಂದರೆ ಆಯಾಸವೆಂದು ಮಲಗದೆ ಅದೇ ದಿನ ರಕ್ತಪರೀಕ್ಷೆ ಮಾಡಿಸಬೇಕು. ಬೆರಳ ತುದಿ ಚುಚ್ಚಿ ಹತ್ತಿಪ್ಪತ್ತು ನಿಮಿಷದಲ್ಲಿ ಫಲಿತಾಂಶ ಹೇಳುವ ಪರೀಕ್ಷೆ ಸಣ್ಣ ದವಾಖಾನೆಗಳಲ್ಲೂ ಇದೆ. ಜನ "ಮ್ಸೆಟೊ" ಎಂದು ಕರೆಯುವ ಮಲೇರಿಯಾ ಮಾತ್ರೆಯೂ ಸಿಗುತ್ತದೆ. ಮಾತ್ರೆಯ ಪೂರ್ಣ ಸರಣಿ ಮುಗಿಸಬೇಕು. ಗುರುಗಳು ಜ್ವರ ಇಳಿದ ಕೂಡಲೇ ಮಾತ್ರೆ ನಿಲ್ಲಿಸಿ ಬೈಕು ಹತ್ತುವುದನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಭಾಷೆಯ ಬಗ್ಗೆ ಗಾಬರಿ ಬೇಡ. ಪೂಜೆ, ಶಾಲೆ, ಕಚೇರಿ ಎಲ್ಲವೂ ಸ್ವಾಹಿಲಿಯಲ್ಲೇ ನಡೆಯುತ್ತವೆ. ಬಾಗಿಲಲ್ಲಿ ನಿಂತು "ತುಮ್ಸಿಫು ಯೇಸು ಕ್ರಿಸ್ತೊ" (ಯೇಸುಕ್ರಿಸ್ತರನ್ನು ಸ್ತುತಿಸೋಣ) ಎಂದು ವಂದಿಸಿದರೆ ಅರುಷಾದಲ್ಲಿ ಬಂದ ಉತ್ತರವೇ ಕಸುಲುವಿನಲ್ಲೂ ಬರುತ್ತದೆ. ಆದರೆ ಹಳ್ಳಿಯ ಮನೆಗಳಲ್ಲಿ ಹಾ ಜನರ ಮಾತು ಕಿಹಾ. ವಯಸ್ಸಾದ ಹೆಂಗಸರು ದುಃಖವನ್ನೂ ನೋವನ್ನೂ ಅದರಲ್ಲೇ ಹೇಳಿಕೊಳ್ಳುತ್ತಾರೆ. ಆಗ ಗುರುಗಳಿಗೆ ಆಸರೆಯಾಗುವವರು ಉಪದೇಶಿಗಳು, ಅಂದರೆ ಧರ್ಮಬೋಧನೆ ಮಾಡುವ ಊರಿನ ವಿಶ್ವಾಸಿಗಳು. ಒಂದು ಧರ್ಮಕೇಂದ್ರದ ಕೆಳಗೆ "ಕಿಗಾಂಗೊ" ಎಂಬ ಉಪಕೇಂದ್ರಗಳು ಹಲವಿರುತ್ತವೆ. ಗುರುಗಳು ಪ್ರತಿ ಭಾನುವಾರ ಎಲ್ಲ ಕಡೆಗೂ ಹೋಗಲಾಗದು, ಆ ದಿನಗಳಲ್ಲಿ ಪ್ರಾರ್ಥನೆ ನಡೆಸುವವರು, ಸತ್ತವರನ್ನು ಮಣ್ಣು ಮಾಡುವವರು ಉಪದೇಶಿಗಳೇ. ಹೊಸ ಗುರುಗಳು ಹೋದೊಡನೆ ಮಾಡಬೇಕಾದ ಕೆಲಸವೆಂದರೆ ಅವರೊಂದಿಗೆ ಕುಳಿತು ಊಟ ಮಾಡುವುದು. ಬದಲಾವಣೆಗಳನ್ನು ಮುಂದಿನ ಮಳೆಗಾಲದವರೆಗೆ ಇಟ್ಟುಕೊಳ್ಳಲಿ.

ಆ ಪ್ರದೇಶದಲ್ಲಿ ಬುರುಂಡಿ, ಕಾಂಗೋ ದೇಶಗಳಿಂದ ಬಂದ ನಿರಾಶ್ರಿತರ ಶಿಬಿರಗಳಿವೆ. ನ್ಯಾರುಗುಸು ಶಿಬಿರ 1996ರಿಂದಲೂ ಇದೆ. ಅಣ್ಣನವರ ಧರ್ಮಕೇಂದ್ರ ಅದರ ಆಸುಪಾಸಿನಲ್ಲಿದ್ದರೆ ಕೆಲಸದ ರೀತಿಯೇ ಬೇರೆಯಾಗುತ್ತದೆ. ಶಿಬಿರದ ಒಳಗೆ ಹೋಗಲು ಸರಕಾರದ ಅನುಮತಿ ಬೇಕು. ಪರವಾನಗಿಯ ಮಾತನ್ನೂ ಹೇಳಬೇಕು: ಮಿಷನರಿಗಳಿಗೆ ತಾಂಜಾನಿಯಾ ಕೊಡುವುದು "ಸಿ" ವರ್ಗದ ವಾಸದ ಪರವಾನಗಿ. ಅದರಲ್ಲಿ ಸ್ಥಳ ನಮೂದಾಗಿದ್ದರೆ, ಹೊರಡುವ ಮೊದಲೇ ಸಭೆಯ ಕಚೇರಿಯಿಂದ ವಲಸೆ ಇಲಾಖೆಗೆ ತಿಳಿಸಿ ತಿದ್ದಿಸಿಕೊಳ್ಳಲಿ. ತಲುಪಿದ ಮೇಲೆ ಮಾಡಿದರಾಯಿತೆಂದು ಬಿಟ್ಟರೆ ದಾರಿಯ ತಪಾಸಣೆಯಲ್ಲೇ ತೊಡಕಾಗಬಹುದು.

ಕೊನೆಗೆ, ಬಿಟ್ಟುಹೋಗುವ ಜಾಗದ ದಾಖಲೆಗಳು. ಜ್ಞಾನಸ್ನಾನದ ಪುಸ್ತಕವನ್ನು ತೆರೆದರೆ ಎಷ್ಟೋ ಕಡೆ ಜ್ಞಾನತಂದೆ, ಜ್ಞಾನತಾಯಿಯ ಹೆಸರಿನ ಜಾಗ ಖಾಲಿ, ಪುಟದ ನಡುವೆ ಮಡಿಸಿಟ್ಟ ಚೀಟಿ. ಆ ಚೀಟಿಯ ಕೈಬರಹ ಗುರುತಿಸುವವರು ಗುರುಗಳೊಬ್ಬರೇ. ಅವರು ಹೋದ ಮೇಲೆ ಅದು ಕಸ. ಹತ್ತು ವರ್ಷದ ನಂತರ ಮದುವೆಗೆ ಪ್ರಮಾಣಪತ್ರ ಕೇಳಲು ಬಂದ ಹುಡುಗಿಗೆ ಏನು ಹೇಳುವುದು? ಆದ್ದರಿಂದ ಪುಸ್ತಕಗಳನ್ನು ಪೂರ್ತಿ ತುಂಬಿ ಸಹಿ ಹಾಕಿ ಹೊರಡಲಿ.

ಪ್ರತಿಕ್ರಿಯೆ: ಗುರುಗಳ ತಂಗಿ

ಎಲ್ಲರಿಗೂ ವಂದನೆಗಳು. ಪತ್ರ ಬರೆಯುವ ಯೋಚನೆಯನ್ನು ಕೈಬಿಟ್ಟಿದ್ದೇವೆ. ಮೊದಲ ಉತ್ತರವನ್ನು ಅಮ್ಮನಿಗೆ ಓದಿ ಹೇಳಿದೆ, "ತಪ್ಪು ಮಾಡಿದವನ ಕೈಗೆ ಇನ್ನೊಂದು ದೇವಾಲಯ ಕೊಡುತ್ತಾರೆಯೇ?" ಎಂದು ಈಗ ಅವರೇ ಬಂಧುಗಳನ್ನು ಕೇಳುತ್ತಿದ್ದಾರೆ. ಅಣ್ಣನೊಂದಿಗೂ ಮಾತನಾಡಿದೆ. ಹೊಸ ಗುರುಗಳ ಜೊತೆ ಎರಡು ವಾರ ಇರಲು ಅನುಮತಿ ಕೇಳುವುದಾಗಿ ಒಪ್ಪಿಕೊಂಡರು. ಸಿಸ್ಟರ್, ಒಂದು ಸಂದೇಹ ಉಳಿದಿದೆ: ಶಿಶುವಿಹಾರಕ್ಕೆಂದು ನಮ್ಮವರು ಕೊಟ್ಟ ಹಣದಲ್ಲಿ ಸ್ವಲ್ಪ ಉಳಿದಿದೆಯಂತೆ. ಕಿಗೋಮಾದಲ್ಲಿ ಅಗತ್ಯ ಹೆಚ್ಚಿರಬಹುದಾದ್ದರಿಂದ ಅದನ್ನು ಅಲ್ಲಿಗೆ ಒಯ್ಯಬಹುದೇ?

ಉತ್ತರ: ದವಾಖಾನೆಯ ಸಿಸ್ಟರ್

ಬೇಡ. ಆ ಹಣ ಅರುಷಾದ ಮಾಡಿಗೆಂದು ಬಂದದ್ದು, ಅರುಷಾದಲ್ಲೇ ಉಳಿಯಬೇಕು. ಯಾರು ಎಷ್ಟು ಕೊಟ್ಟರು, ಯಾವುದಕ್ಕೆ ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು ಎಂಬ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು, ಹೊಸ ಗುರುಗಳೂ ಧರ್ಮಕೇಂದ್ರದ ಹಣಕಾಸು ಸಮಿತಿಯವರೂ ಸಹಿ ಹಾಕಿದ ಪ್ರತಿಯನ್ನು ಅಣ್ಣನವರು ತಮ್ಮೊಂದಿಗೆ ಇಟ್ಟುಕೊಳ್ಳಲಿ. ಇನ್ನೊಂದು ಪ್ರತಿಯನ್ನು ನಿಮಗೆ ಕಳುಹಿಸಿದರೆ, ಬಂಧುಗಳಿಗೆ ಅದನ್ನೇ ತೋರಿಸಬಹುದು. ಕಿಗೋಮಾದ ಅಗತ್ಯಗಳನ್ನು ಅಣ್ಣನವರು ಅಲ್ಲಿ ಕೆಲವು ತಿಂಗಳು ಇದ್ದು, ಕಣ್ಣಾರೆ ಕಂಡು ಬರೆದ ಮೇಲೆ ಬೇರೆಯಾಗಿ ನೋಡೋಣ.