‘ಶರಪಂಜರ’ದ ಕಾವೇರಿ: ಕೊನೆಯ ದೃಶ್ಯದ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ

ಕಳೆದ ಭಾನುವಾರ ಮಧ್ಯಾಹ್ನ ಅಮ್ಮನ ಜೊತೆ ಕುಳಿತು ‘ಶರಪಂಜರ’ ನೋಡಿದೆ. ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲರು 1970ರ ದಶಕದ ಆರಂಭದಲ್ಲಿ ಮಾಡಿದ ಚಿತ್ರ. ಹೆರಿಗೆಯ ನಂತರ ಮನಸ್ಸು ಕದಡಿದ ನಾಯಕಿ ಕಾವೇರಿ ಗುಣವಾಗಿ ಮನೆಗೆ ಮರಳುವವರೆಗೂ ಅಮ್ಮ ಕಣ್ಣು ಕದಲಿಸಲಿಲ್ಲ. ಕೊನೆಗೆ ಇನ್ನು ಹತ್ತು ನಿಮಿಷ ಇರುವಾಗ ಎದ್ದು ಅಡುಗೆಮನೆಗೆ ಹೋದವರು ಮುಗಿಯುವ ತನಕ ಹೊರಗೆ ಬರಲಿಲ್ಲ.

ನನ್ನ ತಮ್ಮ ಹುಟ್ಟಿದಾಗ ಅಮ್ಮನಿಗೆ ಬಾಣಂತಿ ಸನ್ನಿ ಆಗಿತ್ತು. ಆರು ವಾರ ಆಸ್ಪತ್ರೆಯಲ್ಲಿದ್ದರು. ಮನೆಗೆ ಬಂದ ಮೇಲೆ ಅಜ್ಜಿ ಈಳಿಗೆಮಣೆಯನ್ನು ಬಚ್ಚಿಟ್ಟರು. ತರಕಾರಿಯನ್ನು ಪಕ್ಕದ ಮನೆಯಲ್ಲಿ ಹೆಚ್ಚಿಸಿಕೊಂಡು ತರಬೇಕಿತ್ತು. ಆ ಬುಟ್ಟಿ ಹಿಡಿದು ಓಡಾಡುತ್ತಿದ್ದವಳು ಏಳು ವರ್ಷದ ನಾನು.

ಈ ಚಿತ್ರವನ್ನು ‘ಮಹಿಳಾ ಪ್ರಧಾನ’ ಎಂದು ಕರೆಯುವುದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಆದರೆ ಪುಟ್ಟಣ್ಣನವರ ಹಿಂದಿನ ‘ಗೆಜ್ಜೆಪೂಜೆ’ಯಲ್ಲಿ ನಾಯಕಿ ಚಂದ್ರಾ ಸಾಯುತ್ತಾಳೆ, ಇಲ್ಲಿ ಕಾವೇರಿಯ ಮನಸ್ಸು ಮತ್ತೆ ಕದಡುತ್ತದೆ. ಹೆಂಗಸಿನ ಕಥೆ ಹೇಳುತ್ತೇವೆಂದು ಹೊರಟು ಅವಳನ್ನು ಮುಗಿಸಿಯೇ ಚಿತ್ರ ಮುಗಿಸಬೇಕೆ? ಈ ಕೊನೆ ಸಮಾಜದ ಮೇಲಿನ ಆರೋಪವೋ, ಕಾವೇರಿಗೆ ಕೊಟ್ಟ ಶಿಕ್ಷೆಯೋ? ತಿಳಿದವರು ಹೇಳಿ.

ಉತ್ತರ 1

ಮೇಡಂ, ನಾನು ಮನೋರೋಗ ವಾರ್ಡಿನಲ್ಲಿ ಇಪ್ಪತ್ತೆರಡು ವರ್ಷ ನರ್ಸ್ ಆಗಿದ್ದೆ. ನನ್ನ ಮಟ್ಟಿಗೆ ಅದು ಆರೋಪವೇ. ಕಾವೇರಿಯ ಕಾಯಿಲೆ ಗುಣವಾಗಿತ್ತು. ಮತ್ತೆ ಮರುಕಳಿಸುವಂತೆ ಮಾಡಿದ್ದು ಮನೆ. ಸನ್ನಿಯಲ್ಲಿ ಅವಳು ಬಾಯಿಬಿಟ್ಟ ಮದುವೆಗೆ ಮುಂಚಿನ ಸಂಗತಿಯನ್ನು ಗಂಡ ಸತೀಶ ಮರೆಯುವುದಿಲ್ಲ. ಅವಳು ಆಸ್ಪತ್ರೆಯಲ್ಲಿದ್ದಾಗ ತಾನು ಬೇರೊಬ್ಬಳ ಸಂಗ ಮಾಡಿದ್ದು ಮಾತ್ರ ಅವನಿಗೆ ತಪ್ಪೆನಿಸುವುದಿಲ್ಲ. ಬಿಡುಗಡೆಯ ದಿನ ಕರೆದೊಯ್ಯಲು ಯಾರೂ ಬಾರದೆ ಗೇಟಿನ ಕಡೆಗೇ ನೋಡುತ್ತಾ ಕುಳಿತ ಬಾಣಂತಿಯರನ್ನು ನಾನು ಕಂಡಿದ್ದೇನೆ. ಹೆರಿಗೆಯಾದ ಮೊದಲ ಎರಡು ವಾರಗಳಲ್ಲಿ, ಸಾವಿರಕ್ಕೆ ಒಬ್ಬಿಬ್ಬರು ತಾಯಂದಿರಿಗೆ ಬರುವ ಕಾಯಿಲೆ ಇದು. ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ಇಂದು ನಿಮ್ಹಾನ್ಸ್‌ನಲ್ಲಿ ತಾಯಿ, ಮಗು ಇಬ್ಬರನ್ನೂ ಒಟ್ಟಿಗೆ ಇರಿಸಿಕೊಳ್ಳುವ ವಾರ್ಡೇ ಇದೆ. ತ್ರಿವೇಣಿಯವರು ಮನಶ್ಶಾಸ್ತ್ರ ಓದಿದವರು. 1963ರಲ್ಲಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರು ಬಾಣಂತಿಯ ಮನಸ್ಸನ್ನು ಬರೆದಿದ್ದನ್ನು ಓದುವಾಗ ಈಗಲೂ ನನ್ನ ಗಂಟಲು ಕಟ್ಟುತ್ತದೆ.

ಉತ್ತರ 2

ತಾಯೀ, ನಾನು ಚಿತ್ರಸಮಾಜದ (ಫಿಲ್ಮ್ ಸೊಸೈಟಿಯ) ಹಳಬ. ನರ್ಸಮ್ಮನವರ ಮಾತನ್ನು ಕಥೆಯ ಮಟ್ಟಿಗೆ ಒಪ್ಪುತ್ತೇನೆ, ಕ್ಯಾಮೆರಾದ ಮಟ್ಟಿಗೆ ಒಪ್ಪುವುದಿಲ್ಲ.

1975ರಲ್ಲಿ ಬ್ರಿಟನ್ನಿನ ಚಿತ್ರ ಚಿಂತಕಿ ಲಾರಾ ಮಲ್ವಿ ಬರೆದ ಪ್ರಬಂಧವೊಂದು ಸ್ತ್ರೀವಾದಿ ಚಿತ್ರವಿಮರ್ಶೆಗೆ ದಾರಿ ಮಾಡಿತು. ಪರದೆಯ ಮೇಲೆ ನೋಡುವವನು ಗಂಡು, ನೋಡಿಸಿಕೊಳ್ಳುವವಳು ಹೆಣ್ಣು ಎಂಬುದು ಅವರ ವಾದ. ಅವರ ಕಣ್ಣ ಮುಂದಿದ್ದದ್ದು ಹಾಲಿವುಡ್ಡಿನ ಮೋಹದ ನೋಟ. ಕಾವೇರಿಯ ಮೇಲೆ ಬೀಳುವುದು ಅನುಮಾನದ ನೋಟ. ನಕ್ಕರೂ ಹುಚ್ಚು, ಅತ್ತರೂ ಹುಚ್ಚು, ಅಲಂಕಾರ ಮಾಡಿಕೊಂಡರೂ ಹುಚ್ಚು. ಗಂಡನೂ ನೆರೆಯವರೂ ಕಾಯುತ್ತಿರುತ್ತಾರೆ, ಈಗ ಕೆರಳುತ್ತಾಳೆ, ಆಗ ಕೆರಳುತ್ತಾಳೆ ಎಂದು. ಸಭಾಂಗಣದಲ್ಲಿ ಕುಳಿತ ನಾವೂ ಅದಕ್ಕೇ ಕಾದೆವು. ಕಾವೇರಿಯಾಗಿ ಕಲ್ಪನಾ ಅವರ ಆ ಕೊನೆಯ ಅಭಿನಯಕ್ಕೆ ಚಪ್ಪಾಳೆ ಬಿದ್ದದ್ದು ನನಗೆ ನೆನಪಿದೆ. ತಟ್ಟಿದವರಲ್ಲಿ ನಾನೂ ಒಬ್ಬ. ಅಂದು ನಾವು ಸತೀಶನ ಮನೆಯವರ ಸಾಲಿನಲ್ಲೇ ಕುಳಿತಿದ್ದೆವು ಎಂದು ಈಗ ಅನ್ನಿಸುತ್ತದೆ.

ಪ್ರೇಮಾ ಕಾರಂತರ ‘ಫಣಿಯಮ್ಮ’ವನ್ನು (1983) ಇದರ ಪಕ್ಕದಲ್ಲಿಟ್ಟು ನೋಡಿ. ಎಂ. ಕೆ. ಇಂದಿರಾ ಅವರ ಕಾದಂಬರಿ, ಎಲ್. ವಿ. ಶಾರದಾ ಅವರ ಫಣಿಯಮ್ಮ. ಬಾಲವಿಧವೆ, ತಲೆ ಬೋಳಿಸಿದ್ದಾರೆ, ಅಲ್ಲಿಗೆ ಅವಳ ಕಥೆ ಮುಗಿಯಬೇಕಿತ್ತು. ಮುಗಿಯುವುದಿಲ್ಲ. ಇಲ್ಲಿ ಅವಳೇ ನೋಡುವವಳು: ಊರನ್ನು, ಮಡಿಯನ್ನು, ಕೀಳೆಂದು ದೂರವಿಟ್ಟ ಮನೆಯ ಹೆರಿಗೆಯನ್ನು. ತನ್ನಂತೆಯೇ ವಿಧವೆಯಾದ ದಾಕ್ಷಾಯಣಿ ತಲೆ ಬೋಳಿಸಲು ಒಪ್ಪದಿದ್ದಾಗ ಈ ಮುದುಕಿ ಅವಳ ಪಕ್ಕ ನಿಲ್ಲುತ್ತಾಳೆ. ಫಣಿಯಮ್ಮನಿಗೂ ಸುಖವಿಲ್ಲ. ಆದರೆ ಅವಳ ಸಂಕಟ ನಮಗೆ ಪ್ರದರ್ಶನವಾಗುವುದಿಲ್ಲ.

ಉತ್ತರ 3

ಅಕ್ಕ, ‘ದ್ವೀಪ’ವನ್ನೂ ಅಮ್ಮನಿಗೆ ತೋರಿಸಿ. ಗಿರೀಶ ಕಾಸರವಳ್ಳಿಯವರ 2002ರ ಚಿತ್ರ. ಅಣೆಕಟ್ಟಿನ ನೀರು ಏರುತ್ತಿರುವ ಗುಡ್ಡದ ಮನೆಯಲ್ಲಿ ಸೌಂದರ್ಯ ಅವರ ನಾಗಿ ಗಟ್ಟಿಯಾಗಿ ನಿಂತು ಬದುಕನ್ನು ಉಳಿಸಿಕೊಳ್ಳುತ್ತಾಳೆ. ಮಳೆ ನಿಂತ ಮೇಲೆ ಗಂಡ ಗಣಪಯ್ಯ, ಎಲ್ಲ ದೇವರ ದಯೆ ಎನ್ನುತ್ತಾನೆ. ಅವಳ ಮುಖ ನೋಡಿ. ಹೆಣ್ಣನ್ನು ಸಾಯಿಸದೆ, ಹುಚ್ಚಿಯಾಗಿಸದೆ, ಅವಳಿಗಾದ ಅನ್ಯಾಯವನ್ನು ಒಂದು ಮಾತಿನಲ್ಲಿ ಹೇಳಬಹುದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಋಣಿ. ‘ದ್ವೀಪ’ ನೋಡಿದೆವು. ಗಣಪಯ್ಯನ ಆ ಮಾತಿಗೆ ಅಮ್ಮ ಕುಳಿತಲ್ಲೇ, “ಅವಳು ರಾತ್ರಿಯಿಡೀ ಎಚ್ಚರ ಇದ್ದದ್ದು ಲೆಕ್ಕಕ್ಕಿಲ್ಲವಾ?” ಎಂದರು. ಈ ಸಲ ಎದ್ದು ಹೋಗಲಿಲ್ಲ.

ಆಮೇಲೆ ಧೈರ್ಯ ಮಾಡಿ ಕೇಳಿದೆ, ಅವತ್ತು ಕಾವೇರಿಯನ್ನು ಬಿಟ್ಟು ಯಾಕೆ ಎದ್ದಿರಿ ಎಂದು. ಬಹಳ ಹೊತ್ತು ಸುಮ್ಮನಿದ್ದರು. “ಆಸ್ಪತ್ರೆಯಿಂದ ಬಂದ ಮೂರನೆಯ ದಿನವೇ ನನಗೆ ಗೊತ್ತಾಗಿತ್ತು, ಈಳಿಗೆಮಣೆ ನಿಮ್ಮ ಅಜ್ಜಿಯ ಟ್ರಂಕಿನ ಹಿಂದೆ ಇದೆ ಎಂದು. ಒಂದು ವರ್ಷ ಗೊತ್ತಿಲ್ಲದವಳ ಹಾಗೆ ಇದ್ದೆ. ನೀನು ಬುಟ್ಟಿ ತಂದು ಕೊಟ್ಟಾಗಲೆಲ್ಲ, ಪಕ್ಕದ ಮನೆಯವರು ಹುರುಳಿಕಾಯಿಯನ್ನು ಎಷ್ಟು ದಪ್ಪ ಹೆಚ್ಚಿದ್ದಾರೆ ಎಂದು ಅಂದುಕೊಳ್ಳುತ್ತಿದ್ದೆ. ಆ ಸಿನಿಮಾದವರು ಅಂಥದ್ದೊಂದನ್ನೂ ಅವಳಿಗೆ ಕೊಡಲಿಲ್ಲ.”