ಭೀಮೆಯ ನೆರೆಬಯಲಿಗೆ ಗಡಿ ಎಳೆದವರ ಅನುಭವ

ಜೇವರ್ಗಿಯಿಂದ ಪ್ರಶ್ನೆ: ಭೀಮಾ ನದಿಯ ನೆರೆ ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ಉಪಗ್ರಹ ಚಿತ್ರಗಳಿಂದ ಗುರುತಿಸಿ ಪಂಚಾಯಿತಿಗೆ ನಕ್ಷೆ ಕೊಡಬೇಕಾಗಿದೆ. ಬೆಳಕಿನಲ್ಲಿ ಚಿತ್ರ ತೆಗೆಯುವ ಸೆಂಟಿನೆಲ್-2 ಉಪಗ್ರಹ ಸಾಕೇ? ಮಾಡಿದವರು ದಯವಿಟ್ಟು ತಿಳಿಸಿ.

ಅಫಜಲಪುರದಿಂದ: 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರಿಗೆ ನೀರಾ ನದಿಯದೂ ಸೇರಿ ಭೀಮೆ ಉಕ್ಕಿದಾಗ ಈ ಕೆಲಸಕ್ಕೆ ಇಳಿದು ಮೂರು ವಾರ ಕಳೆದುಕೊಂಡೆ. ಐದು ದಿನಕ್ಕೊಮ್ಮೆ ಚಿತ್ರ ಬರುತ್ತದೆಂದು ಕಾದರೆ ನೀರು ಏರಿದ ದಿನಗಳಲ್ಲೆಲ್ಲ ಮೋಡವೇ ಇತ್ತು. ಮೋಡ ಸರಿದ ಮೇಲಿನ ಚಿತ್ರದಲ್ಲಿ, ಬಿಳಿಜೋಳಕ್ಕೆಂದು ಹರಗಿಟ್ಟಿದ್ದ ಹಸಿ ಎರೆಹೊಲಗಳನ್ನು ನೀರೆಂದು ಎಣಿಸಿ ದಿನ್ನೆಯ ಮೇಲಿನ ಹೊಲವನ್ನೂ ನೆರೆಯೊಳಗೆ ಸೇರಿಸಿದ್ದೆ. ಆ ಹೊಲದ ಹಿರಿಯರು ನನ್ನನ್ನು ಕರೆದೊಯ್ದು ನೆಲ ತೋರಿಸಿದಾಗ ಆದ ಸಂಕಟ ಇನ್ನೂ ಹೋಗಿಲ್ಲ. ರೇಡಾರ್ ಚಿತ್ರವಿಲ್ಲದೆ ಕೈ ಹಾಕಬೇಡಿ.

ಯಾದಗಿರಿಯಿಂದ: ರೇಡಾರನ್ನೇ ನೆಚ್ಚಿಕೊಂಡು ನಾನು ಕೆಟ್ಟಿದ್ದೇನೆ. ರೇಡಾರ್ ಉಪಗ್ರಹ ಸೆಂಟಿನೆಲ್-1 ಮೋಡವನ್ನು ದಾಟಿ ನೋಡುತ್ತದೆ, ಬಯಲಿನಲ್ಲಿ ನಿಂತ ನೀರು ಕಪ್ಪಗೆ ಕಾಣುತ್ತದೆ, ನಿಜ. ಆದರೆ ಕಬ್ಬಿನಲ್ಲಿ ಸೊಂಟದ ಮಟ್ಟ ನೀರಿದ್ದಾಗಲೂ ರೇಡಾರ್ ಅಲೆಗಳು ಎಲೆಗೇ ತಾಗಿ ಮರಳಿದ್ದರಿಂದ ಚಿತ್ರದಲ್ಲಿ ಅದು ಒಣ ಹೊಲದಂತಿತ್ತು. ನೆಲದ ಎತ್ತರ ನೋಡಿ ಗಡಿ ಹಾಕೋಣವೆಂದರೆ, 2000ನೇ ಇಸವಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ಅಳೆದ ಎಸ್‌ಆರ್‌ಟಿಎಂ ಎತ್ತರಗಳಲ್ಲಿ ಹಲವು ಮೀಟರುಗಳ ತಪ್ಪಿರುತ್ತದೆ, ನಮ್ಮ ದಂಡೆಯಲ್ಲೋ ಒಂದು ಮೀಟರ್ ಏರಿದರೆ ನೀರು ಎಷ್ಟೋ ಹೊಲ ದಾಟುತ್ತದೆ. ಕೊನೆಗೆ ಜಾಗ, ಎತ್ತರಗಳನ್ನು ನಿಖರವಾಗಿ ಅಳೆಯುವ ಡಿಜಿಪಿಎಸ್ ಉಪಕರಣ ಬಾಡಿಗೆಗೆ ತಂದೆ: ಎರಡು ದಿನಕ್ಕೆ 9,000 ರೂಪಾಯಿ, ಜೀಪಿಗೆ 3,200. ಎರಡನೆಯ ದಿನ ಮಳೆ ಹಿಡಿದು ಸಂಜೆಯವರೆಗೂ ಹನುಮಂತದೇವರ ಗುಡಿಯಲ್ಲಿ ಕುಳಿತಾಗ, ಗೋಡೆಯ ಸುಣ್ಣದ ಮೇಲೆ ನನ್ನ ಎದೆಮಟ್ಟಕ್ಕೆ ಬೆರಳಗಲದ ಕೆಸರಿನ ಗೆರೆ ಕಂಡಿತು. ಅದನ್ನು ಅಳೆದ ಮೇಲೆಯೇ ನನ್ನ ನಕ್ಷೆ ಸರಿಹೋಯಿತು.

ಅಫಜಲಪುರದಿಂದ: ನದಿ ಕೆಳಕ್ಕೆ ಹರಿದಂತೆ ನೀರಿನ ಮಟ್ಟವೂ ಇಳಿಯುತ್ತದೆ. ಒಂದು ಗುಡಿಯ ಗೆರೆ ಹಿಡಿದು ಇಡೀ ದಂಡೆಗೆ ಗಡಿ ಹಾಕುವುದು ರೈತರಿಗೆ ಮಾಡುವ ಅನ್ಯಾಯ.

ಯಾದಗಿರಿಯಿಂದ: ಒಂದಲ್ಲ, ಆ ಮೇಲೆ ಹದಿನೇಳು ಕಡೆ ಅಳೆದಿದ್ದೇನೆ, ಕೇಳದೆ ಅನ್ಯಾಯ ಎನ್ನಬೇಡಿ. ನಿಮ್ಮ ರೇಡಾರ್ ಉಪಗ್ರಹ ಒಂದು ಪಥಕ್ಕೆ ಮರಳುವುದು 12 ದಿನಕ್ಕೆ. ನಡುವೆಯೇ ನೀರು ಏರಿ ಇಳಿದರೆ ಯಾವ ಚಿತ್ರದಲ್ಲಿ ಹುಡುಕುತ್ತೀರಿ?

ಶಹಾಬಾದಿನಿಂದ: ನೀವಿಬ್ಬರೂ ಭೀಮೆಯ ದಂಡೆ ಬಿಟ್ಟು ಸರಿಯುತ್ತಿಲ್ಲ. ಭೀಮೆ ತುಂಬಿದರೆ ಅದಕ್ಕೆ ಸೇರುವ ಕಾಗಿಣೆ ನದಿಯ ನೀರು ಮುಂದೆ ಸಾಗದೆ ಹಿಂದಕ್ಕೆ ಒತ್ತಿ ಹಳ್ಳಗಳಿಗೆ ನುಗ್ಗುತ್ತದೆ. ನಾನು ಹಳ್ಳಗಳನ್ನು ಬಿಟ್ಟು ಗಡಿ ಎಳೆದಿದ್ದೆ. ನಾನೇ ಎಳೆದ ಆ ಗೆರೆಯ ಹೊರಗೆ ನಮ್ಮ ಆರು ಎಕರೆ ತೊಗರಿ ನೀರು ನಿಂತು ಕೊಳೆಯಿತು.